ಇಲಿ ಪಾಷಾಣದ ಗುಟ್ಟು: ರಕ್ತ ಹೆಪ್ಪುಗಟ್ಟಿಸುವ ಕ್ವಿನೋನ್

ಬದನೆಕಾಯಿ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಮದರಂಗಿ ಸೊಪ್ಪು ಅರೆದು ಹಚ್ಚಿದರೆ ಅಂಗೈ ಕೆಂಪೇರುತ್ತದೆ. ಎರಡಕ್ಕೂ ಕಾರಣ ಕ್ವಿನೋನ್ ಎಂಬ ಒಂದೇ ಕುಲದ ರಾಸಾಯನಿಕಗಳು. ಬಣ್ಣ ಕೊಡುವುದು ಇವುಗಳ ಚಿಕ್ಕ ಕೆಲಸ. ದೊಡ್ಡ ಕೆಲಸ ಎಲೆಯೊಳಗೆ ಮತ್ತು ನಮ್ಮ ನಿಮ್ಮ ಮೈಯೊಳಗೆ ನಡೆಯುತ್ತಿರುತ್ತದೆ. ಮನೆಯ ಮೂಲೆಯಲ್ಲಿಡುವ ಇಲಿ ಪಾಷಾಣ ಕೆಡಿಸುವುದೂ ಈ ಕೆಲಸವನ್ನೇ. ಆದ್ದರಿಂದ ರೈತರು ಇದನ್ನು ತಿಳಿದಿರುವುದು ಒಳ್ಳೆಯದು.

ಆರು ಇಂಗಾಲ ಪರಮಾಣುಗಳ ಉಂಗುರಕ್ಕೆ ಎರಡು ಆಮ್ಲಜನಕ ಪರಮಾಣುಗಳು ಜೋಡಿ ಬಂಧದಿಂದ ಅಂಟಿಕೊಂಡರೆ ಅದು ಕ್ವಿನೋನ್. ಪಂಪುಸೆಟ್ ಬರುವ ಮುಂಚೆ ಬಾವಿಗಳ ಮೇಲಿದ್ದ ಕಪಿಲೆಯನ್ನು ಹಿರಿಯರು ಬಲ್ಲರು. ಬಾನಿ ಬರಿದಾಗಿ ಇಳಿಯುತ್ತದೆ, ತುಂಬಿ ಏರುತ್ತದೆ, ಸುರಿದು ಮತ್ತೆ ಇಳಿಯುತ್ತದೆ. ಕ್ವಿನೋನೂ ಹಾಗೆಯೇ. ಒಂದು ಕಡೆ ಎರಡು ಜಲಜನಕಗಳನ್ನು ತುಂಬಿಕೊಂಡು ಹೈಡ್ರೋಕ್ವಿನೋನ್ ಆಗುತ್ತದೆ, ಇನ್ನೊಂದು ಕಡೆ ಅವನ್ನು ಬಿಟ್ಟುಕೊಟ್ಟು ಮತ್ತೆ ಬರಿದಾಗುತ್ತದೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಪ್ಲಾಸ್ಟೋಕ್ವಿನೋನ್ ಎಂಬುದು ಹೀಗೆ ಓಡಾಡುತ್ತದೆ. ಅಟ್ರಜಿನ್ ಕಳೆನಾಶಕ ಅದರ ಜಾಗದಲ್ಲಿ ಕುಳಿತು ದಾರಿ ಕಟ್ಟುವುದರಿಂದಲೇ ಕಳೆ ಸಾಯುತ್ತದೆ.

ಮರಿಕೋಳಿಯಿಂದ ತಿಳಿದ ಜೀವಸತ್ವ

ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ 1929ರಲ್ಲಿ ಕೋಳಿಮರಿಗಳಿಗೆ ಜಿಡ್ಡು ತೆಗೆದ ಆಹಾರ ಕೊಟ್ಟು ನೋಡುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಸೋರಿತು, ಸೋರಿದ ರಕ್ತ ಹೆಪ್ಪುಗಟ್ಟಲಿಲ್ಲ. ಆಹಾರದಲ್ಲಿ ಇಲ್ಲವಾಗಿದ್ದ ಆ ವಸ್ತುವಿಗೆ 1935ರಲ್ಲಿ ಅವರು 'ಕೆ' ಜೀವಸತ್ವವೆಂದು ಹೆಸರಿಟ್ಟರು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಪದದ ಮೊದಲಕ್ಷರವದು. ಅಮೆರಿಕದ ಎಡ್ವರ್ಡ್ ಡಾಯ್ಸಿ ಅದರ ರಚನೆಯನ್ನು ಬಿಡಿಸಿದರು. 1943ರ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸಂದಿತು. ಮದರಂಗಿಯ ಬಣ್ಣದಂತೆ ಇದೂ ನ್ಯಾಫ್ತೋಕ್ವಿನೋನ್ ಪಂಗಡದ್ದೇ!

ಹಸಿರು ಸೊಪ್ಪಿನಲ್ಲಿ ಇದು ಧಾರಾಳವಾಗಿದೆ. ದನಕರುಗಳಿಗೆ ಮೇವಿನಿಂದಲೂ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಂದಲೂ ಸಿಗುತ್ತದೆ. ಕೋಳಿಗೆ ಹಾಗಲ್ಲ, ಆಹಾರದಲ್ಲೇ ಬೆರೆಸಬೇಕು. ಕಾಕ್ಸಿಡಿಯಾ ರಕ್ತಭೇದಿಗೆ ಸಲ್ಫಾಕ್ವಿನಾಕ್ಸಲಿನ್ ಔಷಧಿಯನ್ನು ಅಳತೆ ಮೀರಿ ಕೊಟ್ಟರೂ 'ಕೆ' ಜೀವಸತ್ವದ ಕೆಲಸ ನಿಂತು ಕೋಳಿಗಳಲ್ಲಿ ರಕ್ತಸ್ರಾವವಾಗುವುದುಂಟು.

ಕೆಟ್ಟ ಮೇವಿನಿಂದ ಇಲಿ ವಿಷ

1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೂ ಸಾವು, ಬೀಜ ಒಡೆಸಿದರೂ ಸಾವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಒಣಮೇವೇ ಕಾರಣವೆಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ಒಬ್ಬ ರೈತ, ಹಿಮ ಸುರಿಯುತ್ತಿದ್ದಾಗಲೇ, ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಮತ್ತು ಆ ಮೇವನ್ನು ಲಾರಿಯಲ್ಲಿ ಹೇರಿಕೊಂಡು ಸುಮಾರು 300 ಕಿಲೋಮೀಟರು ದೂರದ ವಿಶ್ವವಿದ್ಯಾನಿಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿ ಅಂದು ಹೇಳಬಲ್ಲವರಾಗಿದ್ದುದು ಆ ಮೇವು ಹಾಕಬೇಡ ಎಂಬುದಷ್ಟೆ. ಪಾಪ, ಅದರಿಂದ ಅವನ ಬೇರೆ ಮೇವಿನ ಚಿಂತೆ ತೀರುತ್ತದೆಯೇ? ಆದರೆ ಲಿಂಕ್ ತಂಡ ಬೆನ್ನು ಬಿಡಲಿಲ್ಲ. 1939ರಲ್ಲಿ ಡೈಕೂಮರಾಲ್ ಎಂಬ ವಿಷವನ್ನು ಹರಳಾಗಿ ಬೇರ್ಪಡಿಸಿತು. ಅದೇ ಜಾಡಿನಲ್ಲಿ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು. ನಮ್ಮಲ್ಲಿ ಬಳಕೆಯಲ್ಲಿರುವ ಬ್ರೊಮಾಡಿಯೊಲೋನ್ ಇದೇ ವಂಶದ್ದು, ಆದರೆ ಇನ್ನೂ ತೀಕ್ಷ್ಣ.

ಪಿತ್ತಜನಕಾಂಗದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಸಿದ್ಧಪಡಿಸುವಾಗ ತುಂಬಿದ 'ಕೆ' ಖರ್ಚಾಗಿ ಬರಿದಾಗುತ್ತದೆ. ಒಂದು ಕಿಣ್ವ ಅದನ್ನು ಮತ್ತೆ ತುಂಬಿ ಕೊಡಬೇಕು. ಈ ವಿಷಗಳು ಆ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತವೆ. ಕಪಿಲೆಯ ಹಗ್ಗ ಗಾಲಿಗೆ ಸಿಕ್ಕಿಕೊಂಡ ಹಾಗೆ. ಆದರೆ ರಕ್ತದಲ್ಲಿ ಮೊದಲೇ ಇರುವ ಪ್ರೋಟೀನುಗಳು ಮುಗಿಯುವವರೆಗೆ ಏನೂ ತೋರುವುದಿಲ್ಲ. ಹೀಗಾಗಿ ಇಲಿಗೆ ಅನುಮಾನ ಬರದೆ ಮತ್ತೆ ಮತ್ತೆ ತಿನ್ನುತ್ತದೆ, ಮೂರು ನಾಲ್ಕು ದಿನಕ್ಕೆ ಸಾಯುತ್ತದೆ.

ಮನುಷ್ಯರಿಗೆ ಇದರಿಂದಲೇ ಮೋಸವಾಗುವುದು. ಮಗು ಪಾಷಾಣದ ಬಿಲ್ಲೆ ತಿಂದರೂ ಒಂದೆರಡು ದಿನ ಆಡಿಕೊಂಡೇ ಇರಬಹುದು. ನಾಯಿಯೂ ಓಡಾಡಿಕೊಂಡಿರುತ್ತದೆ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಏದುಸಿರು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ತಿಂದದ್ದು ಗೊತ್ತಾದ ಕೂಡಲೆ, ಏನೂ ಆಗಿಲ್ಲವೆಂದು ಕಾಯದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು. 'ಕೆ1' ಜೀವಸತ್ವವೇ ಇದಕ್ಕೆ ಪ್ರತಿವಿಷ. ವಿಷ ತಟ್ಟದ ಬೇರೊಂದು ಕಿಣ್ವ ಅದನ್ನು ತುಂಬಿಸಿ ಕೆಲಸಕ್ಕೆ ಹಚ್ಚುತ್ತದೆ. ಬ್ರೊಮಾಡಿಯೊಲೋನ್ ಮೈಯಲ್ಲಿ ಬಹಳ ದಿನ ಉಳಿಯುವುದರಿಂದ ಚಿಕಿತ್ಸೆ ವಾರಗಟ್ಟಲೆ ಬೇಕಾಗಬಹುದು, ನಡುವೆ ನಿಲ್ಲಿಸಬಾರದು. ಕೋಳಿ ಆಹಾರದ 'ಕೆ3' ಇದಕ್ಕೆ ಉಪಯೋಗವಿಲ್ಲ. ಸೊಪ್ಪು ತಿನ್ನಿಸಿದರೂ ಸಾಲದು.

ಬಿಲ್ಲೆಗಳನ್ನು ಬಿಲದೊಳಗೆ ಹಾಕಿ ಮುಚ್ಚಬೇಕು. ಕಣಜದ ಬಳಿ ಬಯಲಲ್ಲಿ ಇಡಬಾರದು. ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು, ಅವನ್ನು ತಿಂದ ಬೆಕ್ಕು ಗೂಬೆಗಳಿಗೂ ವಿಷ ತಗಲುತ್ತದೆ. ಇನ್ನು ಕಪ್ಪು ಪುಡಿಯಾಗಿ ಮಾರುವ ಸತುವಿನ ಫಾಸ್ಫೈಡ್ ಬೇರೆಯೇ ಜಾತಿಯ ವಿಷ. ಅದು ಗಂಟೆಗಳಲ್ಲಿ ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವಿಲ್ಲ, 'ಕೆ' ಜೀವಸತ್ವವೂ ಕೆಲಸ ಮಾಡದು. ಆದ್ದರಿಂದ ಯಾವ ಪಾಷಾಣವೆಂದು ವೈದ್ಯರಿಗೆ ತಿಳಿಯುವಂತೆ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಿ.