ಮಗರಪಟ್ಟಾದ ಮನೆಯಲ್ಲಿ ಹವಳದ ತೊಟ್ಟಿ

ಪುಣೆಗೆ ಸಮುದ್ರವಿಲ್ಲ. ಸಹ್ಯಾದ್ರಿಯನ್ನಿಳಿದು ಸುಮಾರು ನೂರು ಕಿಲೋಮೀಟರು ಹೋದರೇ ಉಪ್ಪುನೀರಿನ ದರ್ಶನ. ಹಾಗಿದ್ದರೂ ನಮ್ಮ ಮಗರಪಟ್ಟಾದಲ್ಲಿ ಕಡಲಮೀನು ಸಾಕುವ ಮನೆಗಳುಂಟು. (ಮರಾಠಿಯಲ್ಲಿ 'ಮಗರ' ಎಂದರೆ ಮೊಸಳೆ. ಆದರೆ ಈ ಸ್ಥಳಕ್ಕೆ ಹೆಸರು ಬಂದದ್ದು ಇಲ್ಲಿ ಹೊಲ ಉಳುತ್ತಿದ್ದ ಮಗರ ಮನೆತನದಿಂದ, ವಾಚಕರು ಅಂಜಬೇಕಾಗಿಲ್ಲ!) ನಮ್ಮ ನಡುಮನೆಯಲ್ಲಿ ಆರು ವರುಷಗಳಿಂದ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಮೊದಲು ಅದರಲ್ಲಿ ಬರಿಯ ಮೀನುಗಳಿದ್ದವು. ಕಳೆದ ವರುಷ ಅದನ್ನು ಹವಳದ ತೊಟ್ಟಿಯಾಗಿ ಮಾರ್ಪಡಿಸಿದೆವು. ಅದು ಹೇಗೆಂದು ಸಂಘದ ಅನೇಕ ಬಂಧುಗಳು ಕೇಳಿದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹವಳವೆಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ತನ್ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿಗೆ ಬಾಡಿಗೆಯ ಮನೆ ಕೊಟ್ಟಿರುತ್ತದೆ. ಪಾಚಿ ಬೆಳಕಿನಿಂದ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಆದುದರಿಂದ ಮೀನಿಗೆ ಸಾಕಾಗುತ್ತಿದ್ದ ಮಂದದೀಪ ಹವಳಕ್ಕೆ ಸಾಲದು. ನೀಲಿ ಹೆಚ್ಚಾಗಿರುವ ಪ್ರಖರ ಬೆಳಕು ದಿನಕ್ಕೆ ಎಂಟು ಹತ್ತು ಗಂಟೆ ಬೇಕು. ನೀರಿನ ಮಡಿಯೂ ಹೆಚ್ಚು. ಮೀನಿನ ಮಲದಿಂದ ಅಮೋನಿಯಾ, ಅದರಿಂದ ನೈಟ್ರೈಟ್, ಅದರಿಂದ ನೈಟ್ರೇಟ್ ಆಗುವದಷ್ಟೆ. ಈ ಕೊನೆಯದನ್ನು ಮೀನುಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ನಮ್ಮ ತೊಟ್ಟಿಯಲ್ಲಿ ಲೀಟರಿಗೆ 60 ಮಿಲಿಗ್ರಾಂ ಇತ್ತು. ಅದನ್ನು 10ಕ್ಕಿಂತ ಕೆಳಗೆ ಇಳಿಸಲು ನಾಲ್ಕು ತಿಂಗಳು ಹಿಡಿಯಿತು: ವಾರವಾರವೂ ಸ್ವಲ್ಪ ನೀರು ಬದಲಾಯಿಸುವದು, ನೊರೆಯೊಡನೆ ಕೊಳೆ ಎತ್ತುವ ಯಂತ್ರ ಇಡುವದು, ಕೆಳಗಿನ ಸಣ್ಣ ತೊಟ್ಟಿಯಲ್ಲಿ ಕೂದಲಿನಂತಹ ಹಸಿರು ಕಡಲಪಾಚಿಯನ್ನು ಬೆಳೆಸಿ ಕೊಯ್ದೆಸೆಯುವದು. ಹಳೆಯ ಸೋಸುಕವನ್ನು ಮಾತ್ರ ಒಮ್ಮೆಲೆ ತೆಗೆಯಬಾರದು. ಉಪಕಾರಿ ಸೂಕ್ಷ್ಮಜೀವಿಗಳು ಅದರಲ್ಲಿಯೇ ಇರುತ್ತವೆ.

ತಾಮ್ರದ ವಿಷಯ ಇನ್ನೂ ಗಂಭೀರವಾದುದು. ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕುವ ವಾಡಿಕೆಯುಂಟು. ಕಲ್ಲು ಮರಳುಗಳು ಅದನ್ನು ಹೀರಿ ತಿಂಗಳುಗಟ್ಟಲೆ ಬಿಡುತ್ತಿರುತ್ತವೆ. ಮೀನು ತಾಳುವ ಅಷ್ಟು ತಾಮ್ರ ಸೀಗಡಿಗೆ, ಶಂಖದಹುಳುವಿಗೆ, ಹವಳಕ್ಕೆ ವಿಷ. ನಾವು ರೋಗದ ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು ಉಪಚರಿಸುತ್ತ ಬಂದುದರಿಂದ ಹಳೆಯ ಕಲ್ಲುಗಳು ಉಳಿದವು. ಹಾಗೆ ಮಾಡದವರು ಕಲ್ಲು ಮರಳುಗಳನ್ನೆಲ್ಲ ಹೊಸದಾಗಿ ತರುವದೇ ಲೇಸು.

ಕಲ್ಲೆಂದೊಡನೆ ಕಾನೂನಿನ ನೆನಪಾಗುತ್ತದೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಕಡಲಿನಿಂದ ತಂದ 'ಜೀವಂತ ಕಲ್ಲು'ಗಳಿಂದಲೇ ತೊಟ್ಟಿಯ ನೀರು ಶುದ್ಧವಾಗಿರುವದೆಂದು ಬರೆದು ಜಗತ್ತಿನ ಹವ್ಯಾಸಿಗಳ ಕಣ್ಣು ತೆರೆಸಿದರು. ನಮ್ಮ ದೇಶದಲ್ಲಿ ಈಗ ಆ ದಾರಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ ಇವೆಲ್ಲ ಸೇರಿದವು. ಹುಲಿಯನ್ನು ಕಾಯುವ ಪಟ್ಟಿಯೇ ಅದು. ಮುರಿದವರಿಗೆ 3ರಿಂದ 7 ವರುಷ ಸೆರೆ. ಅಂಗಡಿಯವನೊಬ್ಬ ರಾಮೇಶ್ವರದ ಕಡೆಯ ಕಲ್ಲನ್ನು ಗುಟ್ಟಾಗಿ ಕೊಡುವೆನೆಂದ. ನಾವು ಬೇಡವೆಂದು, ಮನುಷ್ಯನೇ ಮಾಡಿದ ಒಣಕಲ್ಲನ್ನು ತಂದೆವು. ಒಂದೆರಡು ತಿಂಗಳಲ್ಲಿ ಅದಕ್ಕೂ ಜೀವ ಹತ್ತಿತು. ಮೇಲೆ ನೆಟ್ಟದ್ದು ಅಣಬೆಯಾಕಾರದ ಹಾಗೂ ಗುಂಡಿಯಾಕಾರದ ಮೃದುಜೀವಿಗಳನ್ನು. ಅವು ಕಲ್ಲುಹವಳದ ಗಣದವಲ್ಲ. ಏನು ಕೊಂಡರೂ ರಸೀದಿ ಪಡೆಯಿರಿ: ಹೊರದೇಶದ ಕೆಲವು ಜೀವಿಗಳನ್ನು 2022ರ ತಿದ್ದುಪಡಿಯ ಮೇರೆಗೆ ಸರಕಾರದಲ್ಲಿ ನೋಂದಾಯಿಸಬೇಕು. ಕಲ್ಲುಹವಳವನ್ನೇ ನೋಡುವ ಆಸೆಯಿದ್ದವರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಲಿ. ಅದರ ಸ್ಥಾನ ಅಲ್ಲಿಯೇ.

ಎಲ್ಲಕ್ಕೂ ಕಠಿಣವಾದದ್ದು ಬೇರೆ. ನಮ್ಮಲ್ಲಿ ಪಿಕಾಸೊ ಟ್ರಿಗರ್ ಜಾತಿಯ ಮೀನೊಂದಿತ್ತು. ಮನೆಯ ಹಿರಿಯರು ಬೆಳಗಿನ ಚಹಾ ಹಿಡಿದು ತೊಟ್ಟಿಯ ಮುಂದೆ ಕೂತರೆ ಸಾಕು, ಗಾಜಿಗೆ ಮೂತಿಯಿಟ್ಟು ನಿಲ್ಲುತ್ತಿತ್ತು. ಅವರ ಕೈಯಿಂದಲೇ ಸೀಗಡಿ ತಿನ್ನುತ್ತಿತ್ತು. ಅದರ ಹಲ್ಲು ಚಿಪ್ಪನ್ನೇ ಒಡೆಯುವಂತಹದು. ತೊಟ್ಟಿಯನ್ನು ತೊಳೆಯಬೇಕಾದ ಶಂಖದಹುಳು, ಸೀಗಡಿಗಳು ಅದರ ಮುಂದೆ ಒಂದು ರಾತ್ರಿಯೂ ಬಾಳಲಾರವು. ಹವಳವೋ ಮೀನೋ ಎಂದು ಮನೆಯಲ್ಲಿ ಮೂರು ವಾರ ವಾದವಾಯಿತು. ಮಕ್ಕಳು ಹವಳದ ಪಕ್ಷ, ಹಿರಿಯರು ಮೌನ. ಸಮುದ್ರಕ್ಕೆ ಬಿಟ್ಟುಬರೋಣವೆಂದು ಕೆಲವರು ಸೂಚಿಸಿದರು. ತೊಟ್ಟಿಯ ರೋಗವನ್ನು ಕಡಲಿಗೆ ಒಯ್ಯುವ ಆ ಉಪಾಯ ನಮಗೆ ಒಪ್ಪಿಗೆಯಾಗಲಿಲ್ಲ. ಕಡೆಗೆ ಹಡಪಸರದಲ್ಲಿ ಆರಡಿಯ ಮೀನುತೊಟ್ಟಿಯಿದ್ದ ಸ್ನೇಹಿತರು ಒಪ್ಪಿಕೊಂಡ ಮೇಲೆಯೇ ಹಿರಿಯರು ಹೂಂಗುಟ್ಟಿದರು. ಈಗಲೂ ಅವರು ಭಾನುವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕೈಯಾರೆ ಉಣಿಸಿ ಬರುತ್ತಾರೆ. ಎರಡು ಕ್ಲೌನ್ ಮೀನುಗಳು ನಮ್ಮಲ್ಲಿಯೇ ಉಳಿದಿವೆ. ಅವು ಹವಳಕ್ಕೆ ಕೇಡು ಮಾಡುವದಿಲ್ಲ.

ಪುಣೆಯ ಏಪ್ರಿಲ್ ಬಿಸಿಲು ಎರಡನೆಯ ಶತ್ರು. ನೀರು 25-26 ಡಿಗ್ರಿಯಲ್ಲಿರಬೇಕು. 30 ದಾಟಿ ಕೆಲದಿನ ನಿಂತರೆ ಹವಳವು ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿಯೂ 2016ರಲ್ಲಿಯೂ ಲಕ್ಷದ್ವೀಪದ ಕಡಲಲ್ಲಿ ಆದದ್ದು ಇದೇ. ತಂಪು ಮಾಡುವ ಯಂತ್ರಕ್ಕೆ ಬೆಲೆ ಬಹಳ. ಅದನ್ನು ಕೊಳ್ಳುವ ಶಕ್ತಿಯಿಲ್ಲದಿದ್ದರೆ ಮೀನುಗಳಷ್ಟನ್ನೇ ಇಟ್ಟುಕೊಳ್ಳುವದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ವಿದ್ಯುತ್ತು ಹೋದಾಗ ಗಾಳಿಯೂದಲು ಬ್ಯಾಟರಿಯ ಪಂಪು ಇರಲಿ.

ಬೇಸಿಗೆಯಲ್ಲಿ ದಿನಕ್ಕೆ ಮೂರು ಲೀಟರು ನೀರು ಆರುತ್ತದೆ. ಆರುವದು ನೀರು, ಉಪ್ಪಲ್ಲ. ಆದಕಾರಣ ತುಂಬಿಸಬೇಕಾದದ್ದು ಶುದ್ಧಮಾಡಿದ ಸಿಹಿನೀರು. ಊರಿಗೆ ಹೋಗುವಾಗ ಗಾಜಿನ ಮೇಲೆ ಗೆರೆಯೆಳೆದು, ಕ್ಯಾನು ತುಂಬಿಟ್ಟು, ಬೀಗದ ಕೈ ನೆರೆಮನೆಯವರಿಗೆ ಕೊಟ್ಟು ಹೋಗುತ್ತೇವೆ.