ಎರಡು ಎಂಜಿನುಗಳ ವಿದ್ಯೆ

ಸಾಸ್ತೂರ, ನಿಲಂಗಾ, ಉದಗೀರ ಸೀಮೆಯ ಗಡಿಕನ್ನಡಿಗರಿಗೆ ಚಿರಪರಿಚಿತವಾದ ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನನಿಲ್ದಾಣವು ತೆರೆದು, ತರುವಾಯ ಹಾರಾಟದ ಶಿಕ್ಷಣವೂ ನೆಲೆಗೊಂಡುದರಿಂದ, ಹಿಂದೆ ಬೆಂಗಳೂರಿನ ಜಕ್ಕೂರಿನಂಥ ದೂರದ ಶಾಲೆಗಳನ್ನರಸಬೇಕಾಗಿದ್ದ ವಿದ್ಯೆಯು ಇಲ್ಲಿಯ ತರುಣರಿಗೆ ಸಮೀಪವರ್ತಿಯಾಯಿತು.

ಕನಿಷ್ಠ 200 ಗಂಟೆಗಳ ಹಾರಾಟದಿಂದ ವಾಣಿಜ್ಯ ಪರವಾನಗಿಗೆ ಅರ್ಹನಾಗುವವನು ಬಹುಎಂಜಿನ್ ಅರ್ಹತೆಗಾಗಿ ಬೇರೆಯೇ ಅಭ್ಯಾಸ ಮಾಡತಕ್ಕದ್ದು. ಏಕೆಂದರೆ ಎರಡು ರೆಕ್ಕೆಗಳ ಎಂಜಿನುಗಳಲ್ಲಿ ಒಂದು ಸ್ತಬ್ಧವಾದರೆ ಶಕ್ತಿಯು ಅರ್ಧವಾಗುವುದಾದರೂ ಏರುವ ಸಾಮರ್ಥ್ಯವು ಅದಕ್ಕಿಂತಲೂ ಬಹಳ ಹೆಚ್ಚಾಗಿ ಕುಗ್ಗಿ, ವಿಮಾನವು ನಿಂತ ಎಂಜಿನಿನ ಕಡೆಗೆ ತಿರುಗತೊಡಗುವುದು. ವೇಗವು ನಿಯತ ಮಿತಿಗಿಂತ ಇಳಿದರೆ ಪೂರ್ಣವಾಗಿ ಒತ್ತಿದ ರಡ್ಡರೂ ಅದನ್ನು ತಡೆಯಲಾರದು.

ಬೋಧಕನ ಅರ್ಹತೆಯು ನನ್ನೆಣಿಕೆಯಲ್ಲಿ ಇದಕ್ಕೂ ಘನತರವಾದುದು: ಬಲಗಡೆಯ ಆಸನದಲ್ಲಿ ಕುಳಿತು, ಶಿಷ್ಯನ ತಪ್ಪನ್ನು ಎಲ್ಲಿಯವರೆಗೆ ಸಹಿಸಬೇಕು, ಯಾವ ಕ್ಷಣದಲ್ಲಿ ನಿಯಂತ್ರಣವನ್ನು ತಾನೇ ಕೈಗೆತ್ತಿಕೊಳ್ಳಬೇಕು ಎಂಬ ವಿವೇಕವನ್ನು ಪರೀಕ್ಷಕನ ಸಮ್ಮುಖದಲ್ಲಿ ಆತನು ತೋರಿಸಬೇಕಾಗುವುದು.