ಸುಂಡಾ ನಾಡಿನ ಗದ್ದೆ, ರಿಯಾದಿನ ದುಡ್ಡು

ಕಳೆದ ವರ್ಷ ಉಮ್ರಾ ಮುಗಿಸಿ ಮದೀನಾಕ್ಕೆ ಬಂದ ಎರಡನೇ ದಿನ. ಮಸ್ಜಿದುನ್ನಬವಿಯಲ್ಲಿ ಅಸರ್ ನಮಾಝ್ ಮುಗಿಸಿ ಕೂತಿದ್ದೆವು. ಪಕ್ಕದಲ್ಲಿ ಒಬ್ಬರು ಮುದುಕರು. ಕುಳ್ಳಗಿನ ದೇಹ, ಕಪ್ಪು ವೆಲ್ವೆಟ್ ಟೊಪ್ಪಿ. ಅಂಗೈ ನೋಡಿದರೆ ಸಾಕು, ಗದ್ದೆಯಲ್ಲಿ ದುಡಿದವರು ಅಂತ ಹೇಳಬಹುದು. ಅವರ ಜತೆಗಿದ್ದ ಯುವಕ ಮದೀನಾದಲ್ಲೇ ಓದುತ್ತಿರುವ ವಿದ್ಯಾರ್ಥಿ, ಆ ಗುಂಪಿನ ಗೈಡ್. ಎಲ್ಲಿಯವರು ಎಂದು ಅರಬಿಯಲ್ಲಿ ಕೇಳಿದ. ಹಿಂದ್ ಎಂದೆವು. ಮದ್ಸ್‌ಹಬ್ ಯಾವುದು? ಶಾಫಿಈ. ಓದಿದ ಕಿತಾಬ್? ದರ್ಸ್‌ನಲ್ಲಿ ಫತ್‌ಹುಲ್ ಮುಈನ್ ಓದಿದ್ದೇವೆ ಎಂದದ್ದೇ ತಡ, ಹುಡುಗ ನಮ್ಮ ಎರಡೂ ಕೈ ಹಿಡಿದುಕೊಂಡ.

ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ಕಿತಾಬ್ ಅದು. ನಮ್ಮ ಪಳ್ಳಿ ದರ್ಸ್‌ಗಳಲ್ಲಿ ಅದಿಲ್ಲದೆ ಮುಂದೆ ಹೋಗುವ ಹಾಗಿಲ್ಲ. ಇಂಡೋನೇಷ್ಯಾದ ಪೆಸಂತ್ರೆನ್‌ಗಳಲ್ಲೂ, ಅಂದರೆ ಅಲ್ಲಿನ ದರ್ಸ್‌ಗಳಲ್ಲೂ, ಹಾಗೆಯೇ. ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಮ್ಮ ಭಾಷೆಯ ಅರ್ಥ ಬರೆದುಕೊಳ್ಳುವುದಕ್ಕೆ ಅವರು 'ಙಲೋಗತ್' ಎನ್ನುತ್ತಾರಂತೆ. ನಾವು ಅರಬಿ-ಮಲಯಾಳದಲ್ಲಿ ಗೀಚಿಕೊಂಡದ್ದನ್ನು, ಅವರು ಅರಬಿ ಲಿಪಿಯ ಸುಂಡಾ ಭಾಷೆಯಲ್ಲಿ ಗೀಚಿಕೊಂಡಿದ್ದಾರೆ. ಅಷ್ಟೇ ವ್ಯತ್ಯಾಸ.

ಆ ಮುದುಕರನ್ನು ಹುಡುಗ 'ಅಬಾಹ್' ಎಂದು ಕರೆಯುತ್ತಿದ್ದ. ಹಿರಿಯರಿಗೆ, ಅಪ್ಪನಿಗೆ, ಅಜ್ಜನಿಗೆ ಅವರಲ್ಲಿ ಹಾಗೆ ಹೇಳುವುದು. ನಾವೂ ಅಬಾಹ್ ಎಂದೇ ಕರೆದೆವು. ಮುಂದಿನ ನಾಲ್ಕು ಸಂಜೆ ಅದೇ ಕಂಬದ ಬುಡದಲ್ಲಿ ಕೂತು ಮಾತಾಡಿದೆವು. ಅವರು ಸುಂಡಾದಲ್ಲಿ, ಹುಡುಗ ಅರಬಿಯಲ್ಲಿ, ನಾವು ಅರ್ಧಂಬರ್ಧ. ಅವರ ಊರನ್ನು ನಾವು ಕಣ್ಣಿಂದ ಕಂಡಿಲ್ಲ. ಅಲ್ಲಿ ಕೇಳಿದ್ದು, ಬಂದ ಮೇಲೆ ಹುಡುಕಿ ಓದಿದ್ದು, ಎರಡೂ ಸೇರಿಸಿ ಇದನ್ನು ಬರೆಯುತ್ತಿದ್ದೇವೆ.

ಸುಂಡಾ ಜನರು ಜಾವಾ ದ್ವೀಪದ ಪಶ್ಚಿಮ ಭಾಗದವರು. ಜಾವಾದಲ್ಲಿದ್ದರೂ ಜಾವಾದವರಲ್ಲ, ಭಾಷೆಯೇ ಬೇರೆ. ನಮ್ಮನ್ನು ಘಟ್ಟದ ಮೇಲಿನವರು "ನೀವು ಮಲಯಾಳಿಗಳಾ?" ಎಂದು ಕೇಳಿದಾಗ ಆಗುವ ಕಿರಿಕಿರಿ ಅವರಿಗೂ ಉಂಟು. ಅಬಾಹ್ ಅವರದ್ದು ಗಾರುಟ್ ಜಿಲ್ಲೆ. ಸುತ್ತ ಜ್ವಾಲಾಮುಖಿ ಬೆಟ್ಟಗಳು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಆ ಕಡೆಯ ಎಷ್ಟೋ ಊರುಗಳ ಹೆಸರು 'ಚಿ'ಯಿಂದ ಶುರುವಾಗುತ್ತದೆ, ಚಿಯಾಂಜುರ್, ಚಿಯಾಮಿಸ್, ಚಿಮಾಹಿ ಎಂಬ ಹಾಗೆ. 'ಚಾಯ್' ಎಂದರೆ ನೀರು, 'ಚಿ' ಅದರ ಮೊಟಕು ರೂಪ. ಭತ್ತಕ್ಕೆ ಪಾರೆ, ಅಕ್ಕಿಗೆ ಬೆಯಾಸ್, ಅನ್ನಕ್ಕೆ ಸಾಂಗು. ಇಂಗ್ಲಿಷಿನವರ ಹಾಗೆ ಮೂರಕ್ಕೂ ಒಂದೇ ಮಾತು ಹೇಳಿ ಸುಮ್ಮನಾಗುವವರಲ್ಲ, ನಮ್ಮ ಹಾಗೆ ಅನ್ನ ಉಂಡು ಬೆಳೆದವರು.

ಮನೆ ಹಿಂದೆ 'ಬಾಲೊಂಗ್', ಅಂದರೆ ಮೀನಿನ ಕೊಳ. ಗದ್ದೆಗೆ ಬರುವ ತೋಡಿನ ನೀರೇ ಕೊಳಕ್ಕೂ. ಅಡುಗೆಮನೆಯ ಉಳಿಕೆ ಮೀನಿಗೆ, ಕೊಳದ ಕೆಸರು ತೋಟಕ್ಕೆ. ಅಂಗಳದ ಸುತ್ತ ತೆಂಗು, ಬಾಳೆ, ಮರಗೆಣಸು, ಮದ್ದಿನ ಗಿಡ. ಊಟಕ್ಕೆ ಅನ್ನ, ಒಣಮೀನು, ಮೆಣಸಿನ ಸಂಬಲ್, ಒಂದು ರಾಶಿ ಹಸಿ ಸೊಪ್ಪು. ಅದಕ್ಕೆ ಲಾಲಾಪ್ ಎಂದು ಹೆಸರು. ಬೇಯಿಸದೆ ಸೊಪ್ಪು ತಿನ್ನುವುದಕ್ಕೆ ಬೇರೆ ಕಡೆಯ ಇಂಡೋನೇಷ್ಯಾದವರು ಇವರನ್ನು ಆಡು ಎಂದು ತಮಾಷೆ ಮಾಡುವುದುಂಟಂತೆ. ಅಬಾಹ್ ಇದನ್ನು ಹೇಳಿ ತಾವೇ ನಕ್ಕರು. ಹೋಟೆಲಿನ ಊಟ ಅವರಿಗೆ ಸೇರುತ್ತಿರಲಿಲ್ಲ, ಊರಿಂದ ಒಣಮೀನು ಕಟ್ಟಿಕೊಂಡು ಬಂದಿದ್ದರು. ನಮ್ಮವರು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತುಂಬಿಕೊಂಡು ಹೋಗುವ ಹಾಗೆಯೇ.

ಹಿಂದೆ ಮನೆಗಳೆಲ್ಲ ಕಲ್ಲಿನ ಮೇಲೆ ನಿಲ್ಲಿಸಿದ ಮರದ ಕಂಬ, ಹೆಣೆದ ಬಿದಿರಿನ ಗೋಡೆ. ಈಗ ಇಟ್ಟಿಗೆ ಮನೆ ಇದ್ದರೇ ಮರ್ಯಾದೆ. 2022ರ ನವೆಂಬರ್‌ನಲ್ಲಿ ಪಕ್ಕದ ಚಿಯಾಂಜುರ್‌ನಲ್ಲಿ 5.6 ತೀವ್ರತೆಯ ಭೂಕಂಪವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಕುಸಿದ ಗೋಡೆಗಳು. ಅಬಾಹ್ ಅವರದ್ದೂ ಇಟ್ಟಿಗೆ ಮನೆಯೇ, ಆದರೆ ಹಿಂದಿನ ಬಿದಿರಿನ ಅಡುಗೆಮನೆ ಕೆಡವಿಲ್ಲ. ರಾತ್ರಿ ನೆಲ ನಡುಗಿದರೆ ಎಲ್ಲರೂ ಅಲ್ಲಿಗೆ ಓಡುವುದಂತೆ.

ಜಮೀನಿನ ಲೆಕ್ಕ ಅಲ್ಲಿ 'ತುಂಬಾಕ್'ನಲ್ಲಿ. ಒಂದು ತುಂಬಾಕ್ ಸುಮಾರು 14 ಚದರ ಮೀಟರ್. ಅಂದರೆ ನಮ್ಮ ಒಂದು ಸೆಂಟ್ಸ್ ಜಾಗಕ್ಕೆ ಹತ್ತಿರ ಹತ್ತಿರ ಮೂರು ತುಂಬಾಕ್. ಅಬಾಹ್ ಅವರಿಗೆ ಇರುವುದು ಒಟ್ಟು 210 ತುಂಬಾಕ್ ಗದ್ದೆ, ನಮ್ಮ ಎಪ್ಪತ್ತು ಸೆಂಟ್ಸ್ ಆಯಿತು. ಅರ್ಧ ಹೆಕ್ಟೇರಿಗಿಂತ ಕಡಿಮೆ ಇರುವ ರೈತನಿಗೆ ಅಲ್ಲಿ 'ಗುರೆಂ' ಎನ್ನುತ್ತಾರೆ. ಗುರೆಂ ಎಂದರೆ ಕೋಳಿಯ ಮೈಯ ಹೇನು. ಸರಕಾರದ ಕಾಗದದಲ್ಲೂ ಅದೇ ಪದ ನಡೆಯುತ್ತದೆ. ಅನ್ನ ಕೊಡುವವನಿಗೆ ಇಡುವ ಹೆಸರಾ ಅದು? ಜಾವಾದ ರೈತರಲ್ಲಿ ಬಹುಪಾಲು ಈ ಲೆಕ್ಕದವರೇ.

ದಾಖಲೆಯ ಕಥೆ ನಮ್ಮದಕ್ಕಿಂತ ಬೇರೆಯಲ್ಲ. ಹಳ್ಳಿ ಆಫೀಸಿನಲ್ಲಿ 'ಲೆಟರ್ ಸಿ' ಎಂಬ ಹಳೆಯ ಪುಸ್ತಕ ಉಂಟು. ಡಚ್ಚರ ಕಾಲದ ಕಂದಾಯ ಪದ್ಧತಿಯಿಂದ ಬಂದದ್ದು. ಯಾವ ಗದ್ದೆಯ ತೆರಿಗೆ ಯಾರು ಕಟ್ಟುತ್ತಾರೆ ಎಂದು ಅದು ಹೇಳುತ್ತದೆ, ಹಕ್ಕುಪತ್ರ ಅಲ್ಲ. ನಮ್ಮ ಪಹಣಿ ಹಿಡಿದುಕೊಂಡು ಇದೇ ಹಕ್ಕುಪತ್ರ ಎಂದು ವಾದಿಸುವವರ ಹಾಗೆ ಅಲ್ಲಿಯೂ ಜನ ಅದನ್ನೇ ನಂಬಿದ್ದಾರೆ. 1960ರ ಭೂ ಕಾನೂನು ಬಂದು ಸರ್ಟಿಫಿಕೇಟ್ ಮಾಡಿಸಬೇಕು ಎಂದಿತು. ಹಳ್ಳಿಯವರು ಮಾಡಿಸಲಿಲ್ಲ. ಒಂದು ರಸೀದಿ, ಇಬ್ಬರು ಸಾಕ್ಷಿ, ಮಾರಾಟ ಮುಗಿಯಿತು. 2017ರಿಂದ ಸರಕಾರವೇ ಊರೂರಿಗೆ ಬಂದು ಅಳೆದು ಸರ್ಟಿಫಿಕೇಟ್ ಕೊಡುವ ಯೋಜನೆ ನಡೆಸುತ್ತಿದೆ. ಅಳೆಯುವವರು ಬಂದ ದಿನವೇ ಅಣ್ಣತಮ್ಮಂದಿರ ಹಳೇ ಜಗಳ ಹೊರಗೆ ಬರುವುದು.

ಅಬಾಹ್ ಅವರ ಚಿಂತೆಯೂ ಅಲ್ಲಿಂದಲೇ ಶುರುವಾಯಿತು.

ಹೆಂಡತಿಗೆ ದೊಡ್ಡ ಕಾಯಿಲೆ ಬಂದಾಗ 210ರಲ್ಲಿ 90 ತುಂಬಾಕ್ ಗದ್ದೆಯನ್ನು ಅವರು ಊರಿನ ಒಬ್ಬ ಸಿರಿವಂತನಿಗೆ 'ಗಾದೆ' ಇಟ್ಟರು. ಗಾದೆ ಎಂದರೆ ನಮ್ಮ ಭೋಗ್ಯದ ಅಡವು. ಸಾಲ ತೀರುವ ತನಕ ಬೆಳೆ ಸಾಲ ಕೊಟ್ಟವನದ್ದು. ಬಡ್ಡಿ ಎಂಬ ಹೆಸರಿಲ್ಲ, ಆದರೆ ಅಸಲಿನಿಂದ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಬೆಲೆ ಏರುತ್ತದೆ ಎಂದು ಸಾಲವನ್ನು ಎಷ್ಟೋ ಕಡೆ ಚಿನ್ನದ ಗ್ರಾಂ ಲೆಕ್ಕದಲ್ಲಿ ಇಡುತ್ತಾರೆ. ಮತ್ತೆ ಆ ಗದ್ದೆ ಉಳುವವರು ಯಾರು? ಅಬಾಹ್ ಅವರೇ. ತಮ್ಮದೇ ಗದ್ದೆಯನ್ನು 'ಮಾರೊ'ಗೆ, ಅಂದರೆ ಅರ್ಧ ಪಾಲಿಗೆ, ಮಾಡಿಕೊಂಡು ಉಳಿದರ್ಧ ಭತ್ತವನ್ನು ಹೊತ್ತುಕೊಂಡು ಹೋಗಿ ಆ ಮನೆಗೆ ಹಾಕಿ ಬರುತ್ತಿದ್ದರು. ಎಂಟು ವರ್ಷ.

ಅಡವಿನ ವಸ್ತುವಿನ ಲಾಭ ಸಾಲ ಕೊಟ್ಟವನಿಗೆ ಎಂದು ಷರತ್ತು ಹಾಕುವುದು ಶಾಫಿಈ ಕಿತಾಬ್‌ಗಳಲ್ಲಿ ಸಲ್ಲದ ಮಾತು. ಇದು ಅಲ್ಲಿನ ಅಜೆಂಗಾನ್‌ಗಳಿಗೂ ಗೊತ್ತು, ಇಲ್ಲಿನ ಉಸ್ತಾದರಿಗೂ ಗೊತ್ತು. ಆದರೂ ನಡೆಯುತ್ತದೆ, ಹೆಸರು ಬದಲಿಸಿ ನಡೆಯುತ್ತದೆ. ನಮ್ಮಲ್ಲಿ ಮನೆ, ಅಂಗಡಿ ಭೋಗ್ಯಕ್ಕೆ ಹಾಕಿ ಹತ್ತಿರದವರೇ ಬಾಡಿಗೆ ಉಣ್ಣುವುದನ್ನು ನಾವು ಕಂಡಿಲ್ಲವಾ?

ಇನ್ನೊಂದು ಸಂಗತಿ ಕೇಳಿ. ಅಲ್ಲಿನ 1960ರ 56ನೇ ನಂಬರಿನ ಕಾನೂನಿನ 7ನೇ ಕಲಂ ಹೇಳುತ್ತದೆ: ಕೃಷಿ ಜಮೀನಿನ ಅಡವು ಏಳು ವರ್ಷ ದಾಟಿದರೆ, ಬೆಳೆ ಕೊಯ್ದ ಒಂದು ತಿಂಗಳೊಳಗೆ ಜಮೀನನ್ನು ಹಾಗೆಯೇ ಹಿಂದಕ್ಕೆ ಕೊಡಬೇಕು, ಒಂದು ಕಾಸೂ ಕೇಳುವ ಹಾಗಿಲ್ಲ. ಏಳು ವರ್ಷ ಉಂಡದ್ದರಲ್ಲಿ ಸಾಲ ತೀರಿತು ಎಂಬ ಲೆಕ್ಕ. ಅಬಾಹ್ ಅವರಿಗೆ ಇದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಷ್ಟಕಾಲಕ್ಕೆ ಆದವನ ಮುಂದೆ ಕಾನೂನು ಹಿಡಿದು ಹೋಗುವುದಾ ಎಂದು ಅವರೇ ಕೇಳಿದರು.

ಕೊನೆಗೆ ಗದ್ದೆ ಬಿಡಿಸಿದ್ದು ಮಗಳು.

ನಮ್ಮ ಕರಾವಳಿಯಿಂದ ಗಂಡಸರು ಗಲ್ಫ್‌ಗೆ ಹೋದರು. ಸುಂಡಾ ಹಳ್ಳಿಗಳಿಂದ ಹೋದದ್ದು ಹೆಂಗಸರು. ಚಿಯಾಂಜುರ್, ಸುಕಾಬುಮಿ ಕಡೆಯಿಂದಂತೂ ಲೆಕ್ಕವಿಲ್ಲದಷ್ಟು, ಹೆಚ್ಚಿನವರು ಸೌದಿಗೆ, ಮನೆಗೆಲಸಕ್ಕೆ. ಕಷ್ಟದ ಸುದ್ದಿಗಳು ಬಂದು ಬಂದು 2011ರಲ್ಲಿ ಸರಕಾರ ಸೌದಿಗೆ ಕಳಿಸುವುದನ್ನು ನಿಲ್ಲಿಸಿತು, 2015ರಲ್ಲಿ ಮಧ್ಯಪ್ರಾಚ್ಯದ ಬೇರೆ ದೇಶಗಳಿಗೂ ಬಾಗಿಲು ಹಾಕಿತು. ಅಬಾಹ್ ಅವರ ಮಗಳು ಅದಕ್ಕೆ ಮೊದಲೇ ಹೋದವಳು. ರಿಯಾದಿನಲ್ಲಿ ಏಳು ವರ್ಷ. ಹೋಗುವಾಗ ಎರಡು ವರ್ಷದ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಹೋದಳು. ಬಂದಾಗ ಮಗು ತಾಯಿಯನ್ನು 'ತೇತೆಹ್' ಎಂದಿತಂತೆ, ಅಂದರೆ ಅಕ್ಕ. ಇದನ್ನು ಹೇಳುವಾಗ ಅಬಾಹ್ ನಮ್ಮ ಮುಖ ನೋಡಲಿಲ್ಲ.

ಅವಳು ಕಳಿಸಿದ ಹಣದಲ್ಲಿ ಇಟ್ಟಿಗೆ ಮನೆ ಎದ್ದಿತು, ಅಡವಿನ ಗದ್ದೆ ಬಿಡಿಸಿ ಆಯಿತು. ಪುಸ್ತಕದಲ್ಲಿ ಮಾತ್ರ ಹೆಸರು ಅಬಾಹ್ ಅವರದ್ದೇ. ಅಬಾಹ್‌ಗೆ ಇನ್ನಿಬ್ಬರು ಗಂಡುಮಕ್ಕಳು. ದೊಡ್ಡವನು ಊರಿನಲ್ಲೇ ಬೈಕಿನಲ್ಲಿ ಬಾಡಿಗೆ ಹೊಡೆಯುತ್ತಾನೆ. ಒಜೆಕ್ ಎನ್ನುತ್ತಾರೆ, ಬಸ್ಸು ಹೋಗದ ಇಳಿಜಾರಿಗೆಲ್ಲ ಅದೇ ಗತಿ. 2015ರಿಂದ ಹಳ್ಳಿಗಳಿಗೆ ನೇರವಾಗಿ ಬರುವ ಸರಕಾರದ ಹಣದಲ್ಲಿ ಓಣಿಗಳಿಗೆ ಕಾಂಕ್ರೀಟ್ ಬಿದ್ದ ಮೇಲೆ ಮಳೆಗಾಲದಲ್ಲೂ ಓಡಿಸಬಹುದು. ಚಿಕ್ಕವನು ಜಕಾರ್ತಾದಲ್ಲಿ ಕ್ಷೌರದ ಅಂಗಡಿಯಲ್ಲಿ. ಗಾರುಟ್‌ನವರು ಅದಕ್ಕೆ ಹೆಸರುವಾಸಿ, 'ಅಸ್‌ಗಾರ್', ಅಂದರೆ ಅಸಲಿ ಗಾರುಟ್, ಎಂದು ಬೋರ್ಡನ್ನೇ ಹಾಕುತ್ತಾರೆ. 1949ರಿಂದ 1962ರವರೆಗೆ ಆ ಬೆಟ್ಟಗಳಲ್ಲಿ ನಡೆದ ದಂಗೆಯ ಕಾಲಕ್ಕೆ ಹಳ್ಳಿ ಬಿಟ್ಟು ಓಡಿದವರು ಕತ್ತರಿ ಹಿಡಿದು ಬದುಕಿದರು ಎಂದು ಹೇಳುತ್ತಾರೆ. ಈ ಮಗ ಊರಿಗೆ ಬರುವುದು ಲೆಬಾರಾನ್‌ಗೆ, ಅಂದರೆ ಈದುಲ್ ಫಿತ್ರ್‌ಗೆ. ಆಗ ಜಕಾರ್ತಾ ಖಾಲಿ, ನಾಗ್ರೆಗ್ ಎಂಬ ಘಟ್ಟದ ತಿರುವಿನಲ್ಲಿ ಗಂಟೆಗಟ್ಟಲೆ ವಾಹನ ನಿಂತಿರುತ್ತದೆ. ಬೆಂಗಳೂರಿನಿಂದ ಈದ್‌ಗೆ ಹೊರಟು ಶಿರಾಡಿಯಲ್ಲಿ ಸಿಕ್ಕಿಬಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಈಗ ಪ್ರಶ್ನೆ. ಅಬಾಹ್ ತೀರಿಕೊಂಡರೆ ಫರಾಇಝ್ ಪ್ರಕಾರ ಹೆಂಡತಿಗೆ ಎಂಟರಲ್ಲೊಂದು ಪಾಲು. ಉಳಿದದ್ದನ್ನು ಐದು ಮಾಡಿದರೆ ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಅವಳ ದುಡ್ಡಿನಲ್ಲಿ ಬಿಡಿಸಿದ ಗದ್ದೆಯೂ ಆ ರಾಶಿಗೆ ಬೀಳುತ್ತದಾ?

ಹುಡುಗ ನಮ್ಮ ಮುಖ ನೋಡಿದ. ನಾವಿಬ್ಬರೂ ಒಂದೇ ಬಾಬ್ ನೆನೆಯುತ್ತಿದ್ದೆವು. ಒಬ್ಬನ ಸಾಲವನ್ನು ಅವನ ಅನುಮತಿ ಇಲ್ಲದೆ ಇನ್ನೊಬ್ಬ ತೀರಿಸಿದರೆ ಅದು ಉಪಕಾರ, ಹಿಂದಕ್ಕೆ ಕೇಳುವ ಹಾಗಿಲ್ಲ. ಅನುಮತಿ ಕೊಟ್ಟು ತೀರಿಸಿದ್ದಾದರೆ ಕೇಳುವ ಹಕ್ಕು ಉಂಟು, ಕೊಡುತ್ತೇನೆ ಎಂದು ಮೊದಲೇ ಮಾತಾಗದಿದ್ದರೂ ಉಂಟು. ಸಾಲವಾದರೆ ಮೀರಾಸ್ ಹಂಚುವ ಮೊದಲು ಅದನ್ನು ತೀರಿಸಬೇಕು. ಹಾಗಾಗಿ ನಾವು ಅಬಾಹ್ ಅವರಲ್ಲಿ ಒಂದೇ ಮಾತು ಕೇಳಿದೆವು: "ಬಿಡಿಸು ಅಂತ ನೀವು ಹೇಳಿದಿರಾ, ಅವಳೇ ಬಿಡಿಸಿದಳಾ?"

ಅಬಾಹ್ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೇ ಫೋನು ಮಾಡಿ ಅತ್ತೆ" ಎಂದರು.

ಅಲ್ಲಿಗೆ ಉತ್ತರ ಸಿಕ್ಕಿತು. ಅವರ ಊರಿನ ಅಜೆಂಗಾನ್ ಕೂಡ ಇದನ್ನೇ ಹೇಳಿದ್ದರಂತೆ. ಬದುಕಿರುವಾಗಲೇ ಬರೆದುಬಿಡಿ, ಇಲ್ಲವೇ ಆ 90 ತುಂಬಾಕನ್ನು ಮಗಳ ಕೈಗೆ ಕೊಟ್ಟುಬಿಡಿ, ಬಾಯಲ್ಲಿ ಹೇಳಿದರೆ ಸಾಲದು, ವಶಕ್ಕೆ ಕೊಡದೆ ಹಿಬಾ ಪೂರ್ತಿಯಾಗುವುದಿಲ್ಲ ಎಂದು. ಸುಂಡಾ ಹಳ್ಳಿಗಳಲ್ಲಿ ತಂದೆತಾಯಿ ಬದುಕಿರುವಾಗಲೇ ಗಂಡು ಹೆಣ್ಣೆನ್ನದೆ ಹಿಬಾ ಕೊಡುವುದು ಹೊಸತೂ ಅಲ್ಲ. 1991ರಲ್ಲಿ ಬಂದ ಅಲ್ಲಿನ ಇಸ್ಲಾಮಿಕ್ ಕಾನೂನು ಸಂಗ್ರಹದಲ್ಲಿ ಗಂಡಿಗೆ ಎರಡು ಪಾಲು ಎಂದೇ ಇದ್ದರೂ, ತಂತಮ್ಮ ಪಾಲು ಎಷ್ಟೆಂದು ತಿಳಿದ ಮೇಲೆ ವಾರಸುದಾರರು ಒಪ್ಪಿ ಬೇರೆ ಥರ ಹಂಚಿಕೊಳ್ಳಬಹುದು ಎಂದೂ ಉಂಟು. ಗಂಡ ಹೆಂಡಿರು ಸೇರಿ ಮಾಡಿದ್ದಕ್ಕೆ 'ಗುನಾ ಕಾಯಾ' ಎಂದು ಹೆಸರು, ತಲಾಕ್ ಆದರೆ ಅದರಲ್ಲಿ ಅರ್ಧ ಹೆಂಡತಿಗೆ. ಬಡ ಗಂಡಸು ಸಿರಿವಂತ ಹೆಣ್ಣನ್ನು ಮದುವೆಯಾಗಿ ಅವಳ ಮನೆ ಸೇರಿದರೆ, ಅವಳ ತುರುಬಿನ ನೆರಳಿಗೆ ಸೇರಿದ ಎನ್ನುತ್ತಾರೆ. ಮನೆಅಳಿಯನಿಗೆ ನಮ್ಮಲ್ಲಿ ಇಷ್ಟು ಚೆಂದದ ಮಾತಿಲ್ಲ.

ಇದನ್ನು ಕೇಳುತ್ತಾ ನಮಗೆ ನೆನಪಾದದ್ದು ನಮ್ಮ ಜಮಾಅತ್‌ಗಳಿಗೆ ಬರುವ ತಕರಾರುಗಳು. ದಮಾಮ್‌ನಲ್ಲಿದ್ದ ಮಗ ತಂದೆಯ ಜಾಗದಲ್ಲಿ ಮನೆ ಕಟ್ಟಿಸಿರುತ್ತಾನೆ. ಸಾಲವೋ, ದಾನವೋ ಎಂದು ಯಾರೂ ಮಾತಾಡಿರುವುದಿಲ್ಲ. ಮಯ್ಯತ್ ಮಣ್ಣಾದ ನಲವತ್ತನೇ ದಿನಕ್ಕೆ ಅಣ್ಣತಮ್ಮ ಮಾತು ಬಿಟ್ಟಿರುತ್ತಾರೆ. ನಮ್ಮ ಸ್ವಂತ ಮನೆಯಲ್ಲೂ ಒಬ್ಬ ಅಕ್ಕನ ಬಳೆ ಮಾರಿ ತೋಟದ ಸಾಲ ತೀರಿಸಿದ ಲೆಕ್ಕ ಇಂದಿಗೂ ಯಾವ ಕಾಗದದಲ್ಲೂ ಇಲ್ಲ. ಅಬಾಹ್ ಅವರಿಗೆ ಬುದ್ಧಿ ಹೇಳುವಾಗ ನಮ್ಮ ನಾಲಗೆ ಸ್ವಲ್ಪ ತಡವರಿಸಿದ್ದು ಅದಕ್ಕೇ.

ಹಜ್ಜ್‌ಗೂ ಅಬಾಹ್ ಹೆಸರು ಬರೆಸಿದ್ದಾರೆ. 2.5 ಕೋಟಿ ರುಪಿಯಾ ಠೇವಣಿ ಇಟ್ಟರೆ ಸರದಿಯ ನಂಬರು ಸಿಗುತ್ತದೆ, ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಎಪ್ಪತ್ತು ದಾಟಿದವರು ಎಷ್ಟು ಕಾಯುವುದು, ಅದಕ್ಕೆ ಉಮ್ರಾ ಮಾಡಿಕೊಂಡೆ ಎಂದರು. ಅದರ ಖರ್ಚೂ ಮಗಳದ್ದೇ. ಈಗ ಅವಳು ಊರಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾಳೆ.

ಹೊರಡುವ ದಿನ ಅವರು ಒಣಮೀನಿನ ಒಂದು ಪೊಟ್ಟಣ ಕೊಟ್ಟರು. ನಮ್ಮಾಕೆ ಅವರ ಹೆಂಡತಿಗೆಂದು ಒಂದು ಶಾಲು ಕೊಟ್ಟಳು. ಹುಡುಗನ ವಾಟ್ಸಾಪ್ ನಂಬರ್ ತಗೊಂಡು ಬಂದೆವು.

ಮೂರು ತಿಂಗಳ ನಂತರ ಅವನಿಂದ ಒಂದು ಫೋಟೋ ಬಂತು. ಹಳ್ಳಿ ಆಫೀಸಿನ ಮೇಜು, ಸ್ಟಾಂಪು ಹಚ್ಚಿದ ಕಾಗದ, ಪಕ್ಕದಲ್ಲಿ ಅದೇ ಕಪ್ಪು ಟೊಪ್ಪಿ. ದೊಡ್ಡ ಮಗನ ಸಹಿ ಬಿದ್ದಿದೆ. ಚಿಕ್ಕವನದ್ದು ಇನ್ನೂ ಇಲ್ಲ. ಲೆಬಾರಾನ್‌ಗೆ ಊರಿಗೆ ಬಂದಾಗ ಕೂತು ಮಾತಾಡೋಣ ಎಂದಿದ್ದಾನಂತೆ. ಈ ಸಲದ ಭತ್ತವನ್ನು ಮಾತ್ರ ಮಗಳೇ ಕೊಯ್ಯಿಸಿ ತನ್ನ ಮನೆಗೆ ಹೊತ್ತಿದ್ದಾಳೆ.